ಟಿ4 ಬೆನ್ನುಹುರಿ ಗಾಯ: ಬ್ಯಾಸ್ಕೆಟ್‌ಬಾಲ್ ಆಡುವಾಗ ತಲೆನೋವು, ಬೆವರು. ಆಟ ಬಿಡಿಸಬೇಕಾ?

ಪ್ರಶ್ನೆ (ಕೋಚ್_ಧಾರವಾಡ):
ನಮ್ಮ ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಹುಡುಗ ಸೇರಿದ್ದಾನೆ. ಬೆನ್ನುಹುರಿ ಗಾಯ, ಟಿ4 ಕಂಪ್ಲೀಟ್ (ಎದೆಭಾಗದ ನಾಲ್ಕನೇ ಮಟ್ಟ, ಅದರ ಕೆಳಗೆ ಸ್ಪರ್ಶವೂ ಚಲನೆಯೂ ಇಲ್ಲ), ಕ್ಲಾಸ್ 1.0 (ಆಟಗಾರರ ವರ್ಗೀಕರಣದಲ್ಲಿ ಮೈ ಹಿಡಿತ ಅತಿ ಕಡಿಮೆ ಇರುವವರ ವರ್ಗ). ಮೂತ್ರಕ್ಕೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ತಾನೇ ಹಾಕಿ ತೆಗೆಯುತ್ತಾನೆ. ಅರ್ಧ ಗಂಟೆ ಆಡಿದರೆ ತಲೆ ಸಿಡಿಯುತ್ತದೆ ಅನ್ನುತ್ತಾನೆ, ಮುಖ ಕೆಂಪಾಗಿ ಕತ್ತೆಲ್ಲ ಬೆವರುತ್ತದೆ. ಮನೆಗೆ ಹೋದ ಮೇಲೆ ಬಾಲಮೂಳೆ ಹತ್ತಿರ ಕಲೆ ಕಾಣುತ್ತದಂತೆ. ಮನೆಯವರು ಆಟ ಬಿಡಿಸುತ್ತೇವೆ ಅಂತಿದ್ದಾರೆ. ಇದು ಬಿಸಿಲಿನಿಂದಲೋ, ಬೇರೇನಾದರೂ ಇದೆಯೋ?

ಸ್ಪೈನಲ್_ನರ್ಸ್:
ಸರ್, ಇದನ್ನು ಬರೀ ಸುಸ್ತು ಅಂದುಕೊಳ್ಳಬೇಡಿ. ಟಿ6 ಮತ್ತು ಅದಕ್ಕಿಂತ ಮೇಲೆ ಗಾಯ ಇದ್ದವರಿಗೆ ತಲೆನೋವಿನ ಜೊತೆ ಗಾಯದ ಮೇಲಿನ ಭಾಗ ಬೆವರಿದರೆ ಮೊದಲು ಅನುಮಾನಿಸಬೇಕಾದ್ದು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ಗಾಯದ ಕೆಳಗಿನ ಯಾವುದೋ ತೊಂದರೆಯಿಂದ ಬಿಪಿ ಹಠಾತ್ತನೆ ಏರುವುದು. ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ, ಆದರೆ ಗಾಯದ ಕೆಳಗಿನ ರಕ್ತನಾಳಗಳು ಬಿಗಿದುಕೊಂಡು ಬಿಪಿ ಏರುತ್ತದೆ. ಇವರ ಮಾಮೂಲಿ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 90–110 ಇರುವುದು ಸಾಮಾನ್ಯ. ಹಾಗಾಗಿ 135 ನೋಡಿ "ನಾರ್ಮಲ್ ಇದೆ" ಅನ್ನುವ ಹಾಗಿಲ್ಲ. ಅವನದೇ ಮಾಮೂಲಿಗಿಂತ 20–40 ಹೆಚ್ಚಾದರೆ ಅದೇ ಎಚ್ಚರಿಕೆ. ಸುಮ್ಮನೆ ಕೂತಿದ್ದಾಗಿನ ಬಿಪಿ ಬರೆದಿಟ್ಟುಕೊಳ್ಳಿ.

ಹೀಗೆ ಆದಾಗ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಬಿಡಿ. ಹೊಟ್ಟೆಯ ಬೆಲ್ಟ್, ತೊಡೆಯ ಸ್ಟ್ರಾಪ್, ಶೂ ಎಲ್ಲ ಸಡಿಲಿಸಿ. ಲಿಗ್ನೋಕೇನ್ ಜೆಲ್ಲಿ (ಮರಗಟ್ಟಿಸುವ ಜೆಲ್ಲಿ) ಹಚ್ಚಿ ಕ್ಯಾತಿಟರ್ ಹಾಕಿ ಮೂತ್ರ ಖಾಲಿ ಮಾಡಿಸಿ. ಆಮೇಲೆ ಮಲಬದ್ಧತೆ, ಒಳಸೇರಿದ ಉಗುರು, ಹುಣ್ಣು ನೋಡಿ. 2–5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಿ. 150 ದಾಟಿ ಇಳಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಅಲ್ಲಿ ಒಂದು ವಿಷಯ ಸಂಕೋಚವಿಲ್ಲದೆ ಹೇಳಬೇಕು: ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡಿದ್ದರೆ ಬಿಪಿ ಇಳಿಸುವ ನೈಟ್ರೇಟ್ ಔಷಧಿ ಕೊಡುವಂತಿಲ್ಲ, ಬಿಪಿ ಕುಸಿದುಬಿಡುತ್ತದೆ.

ಸೀಟಿಂಗ್_ಫಿಸಿಯೋ:
ಕಲೆಯ ಬಗ್ಗೆ. ಆಟದ ಚೇರಿನ ಸೀಟು ಹಿಂದಕ್ಕೆ ಇಳಿಜಾರಾಗಿ ಮಂಡಿ ಮೇಲಿರುತ್ತದೆ. ಸೊಂಟ ಹಿಡಿತ ಇಲ್ಲದವನಿಗೆ ಅದರಿಂದ ಬ್ಯಾಲೆನ್ಸ್ ಸಿಗುತ್ತದೆ, ಆದರೆ ಭಾರವೆಲ್ಲ ಬಾಲಮೂಳೆಗೆ. ಬೆವರಿಗೆ ಒದ್ದೆಯಾದ ಚಡ್ಡಿಯ ಹೊಲಿಗೆ ಅಲ್ಲೇ ಉಜ್ಜಿದರೆ ಚರ್ಮ ಬೇಗ ಹೋಗುತ್ತದೆ. ಗಾಳಿ ಕುಶನ್ ಆಗಿದ್ದರೆ ಅವನನ್ನು ಕೂರಿಸಿ ಅಡಿಗೆ ಕೈ ತೂರಿಸಿ: ಮೂಳೆಗೂ ತಳಕ್ಕೂ ನಡುವೆ 1.5–2.5 ಸೆಂ.ಮೀ. ಗಾಳಿ ಉಳಿದಿರಬೇಕು. ಹೆಚ್ಚು ಊದಿದರೂ ತೊಂದರೆಯೇ, ಮೂಳೆ ಕುಶನ್ನಿನೊಳಗೆ ಇಳಿಯುವುದೇ ಇಲ್ಲ.

ಬೆಂಚಿನಲ್ಲಿದ್ದಾಗ ಎದೆ ತೊಡೆಗೆ ತಾಗುವಂತೆ 2 ನಿಮಿಷ ಬಗ್ಗಲಿ. ಕೈಯೂರಿ ಐದು ಸೆಕೆಂಡ್ ಎದ್ದು ಕೂತರೆ ರಕ್ತ ಮರಳಿ ಹರಿಯಲು ಸಮಯ ಸಾಲದು, ಭುಜಕ್ಕೂ ಪೆಟ್ಟು. ನಮ್ಮವರ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು. ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿಯೋ ಗಟ್ಟಿಯೋ ನೋಡಬೇಕು, ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಅರ್ಧ ಗಂಟೆಗೂ ಹೋಗದ ಕಲೆ ಇದ್ದರೆ, ಅದು ಮಾಯುವ ತನಕ ಆ ಜಾಗದ ಮೇಲೆ ಭಾರ ಬೀಳಬಾರದು, ಆಟವೂ ಇಲ್ಲ.

ಕೋಚ್_ಧಾರವಾಡ:
ಈಗ ಕೇಳಿದೆ: ಪ್ರಾಕ್ಟೀಸ್‌ಗೆ ಮುಂಚೆ ಕ್ಯಾತಿಟರ್ ಹಾಕಿಕೊಳ್ಳುವುದಿಲ್ಲವಂತೆ, ಬದಲಿಗೆ ಮಧ್ಯಾಹ್ನದಿಂದ ನೀರೇ ಕುಡಿಯುವುದಿಲ್ಲವಂತೆ. ಮೂತ್ರ ತಡೆದರೆ ಪವರ್ ಬರುತ್ತದೆ ಅಂತ ಯಾರೋ ಹೇಳಿದ್ದಾರೆ.

ಸ್ಪೈನಲ್_ನರ್ಸ್:
ಅದಕ್ಕೆ ಬೂಸ್ಟಿಂಗ್ ಅಂತಾರೆ. ಬಿಪಿ ಏರಿ ಸ್ವಲ್ಪ ಹೊತ್ತು ವೇಗ ಬರುವುದು ನಿಜ, ಅದರ ಜೊತೆಗೇ ಮೆದುಳಿನ ರಕ್ತಸ್ರಾವದ ಅಪಾಯವೂ ಬರುತ್ತದೆ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ 1994ರಲ್ಲೇ ನಿಷೇಧಿಸಿದೆ. ದಯವಿಟ್ಟು ಇಡೀ ತಂಡಕ್ಕೆ ಹೇಳಿ.

ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಸೋಂಕು ಬರುತ್ತದೆ. ಕುಡಿಯಲಿ; 4–6 ಗಂಟೆಗೊಮ್ಮೆ ಖಾಲಿ ಮಾಡಲಿ, ಒಂದು ಸಲಕ್ಕೆ 500 ಮಿ.ಲೀ. ಮೀರದಂತೆ. ಆಟಕ್ಕೆ ಇಳಿಯುವ ಮುಂಚೆ ಮತ್ತೊಮ್ಮೆ, ಕಡ್ಡಾಯ. ಗಾಯದ ಕೆಳಗೆ ಬೆವರದ ಕಾರಣ ಮೈ ಬೇಗ ಕಾಯುತ್ತದೆ, ಸ್ಪ್ರೇ ಬಾಟಲಿಯಿಂದ ಮುಖ, ತೋಳಿಗೆ ನೀರು ಚಿಮುಕಿಸಿ ಫ್ಯಾನ್ ಎದುರು ಕೂರಿಸಿ.

ಮನೆಯವರು ಹೆದರುವುದು ಸಹಜ. ಆದರೆ ಆಟ ಬಿಡಿಸಿದರೂ ಈ ಮೂತ್ರಕೋಶ, ಈ ಚರ್ಮ ಹೀಗೇ ಇರುತ್ತವೆ. ಈಗ ಒಂದು ವಾರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಯೂರಿನ್ ಕಲ್ಚರ್ (ಮೂತ್ರದ ಸೋಂಕಿನ ಪರೀಕ್ಷೆ) ಮಾಡಿಸಿ, ಕಲೆ ಹೋದ ಮೇಲೆ ಹತ್ತು ನಿಮಿಷದ ಆಟದಿಂದ ಶುರು ಮಾಡಿ. ಕಿಟ್ ಬ್ಯಾಗಿನಲ್ಲಿ ಬಿಪಿ ಮೆಷಿನ್, ಎರಡು ಕ್ಯಾತಿಟರ್, ಜೆಲ್ಲಿ ಯಾವಾಗಲೂ ಇರಲಿ.