ಸಹಾಯ ಬೇಕು: ಕಾರಿನ ಗಾಜಿನ ಫಿಲಂ ವಿಚಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಪಿ.ಬಿ. ರಸ್ತೆಯಲ್ಲಿ ಪೊಲೀಸರು ನಮ್ಮ ಕಾರು ನಿಲ್ಲಿಸಿ, ಗಾಜಿಗೆ ಕಪ್ಪು ಫಿಲಂ ಇದೆ ಅಂತ ದಂಡ ಹಾಕಿದ್ರು. ತೆಗೆಸಿ ಅಂತಾನೂ ಹೇಳಿದ್ರು, ಮರ್ಯಾದೆಯಿಂದಲೇ. ಕಾರು ಸೆಕೆಂಡ್ ಹ್ಯಾಂಡ್, ಫಿಲಂ ಹಿಂದಿನ ಮಾಲೀಕರು ಹಾಕಿಸಿದ್ದು.

ದಂಡ ಕಟ್ಟಿಯಾಯ್ತು. ಚಿಂತೆ ಇರೋದು ಅಮ್ಮಂದು. ಅವರಿಗೆ ಲೂಪಸ್ ಇದೆ, ಅಂದ್ರೆ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಬಿಸಿಲು ಬಿದ್ದರೆ ಮುಖ, ಕೈ ಎಲ್ಲ ಕೆಂಪಾಗಿ ದದ್ದು ಏಳುತ್ತೆ, ಆಮೇಲೆ ಕೀಲುನೋವು. ಚಿತ್ರದುರ್ಗದಿಂದ ಇಲ್ಲಿಗೆ ತಪಾಸಣೆಗೆ ಕರ್ಕೊಂಡು ಬರುವಾಗ ಹೈವೇ ಉದ್ದಕ್ಕೂ ಪಕ್ಕದ ಕಿಟಕಿಯಿಂದಲೇ ಬಿಸಿಲು. ಮುಂದಿನ ಗಾಜು ಪದರದ ಗಾಜಾದ್ದರಿಂದ ನೇರಳಾತೀತ (ಯುವಿ) ಕಿರಣ ಬಹುಪಾಲು ತಡೆಯುತ್ತೆ, ಪಕ್ಕದ್ದು ಸಾಮಾನ್ಯವಾಗಿ ಅಷ್ಟು ತಡೆಯಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಲ್ಲಿ ಕನಿಷ್ಠ ಶೇ 70, ಪಕ್ಕದ್ದರಲ್ಲಿ ಶೇ 50 ಬೆಳಕು ದಾಟಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಎಷ್ಟೇ ತಿಳಿಯಾದ ಫಿಲಂ ಆದ್ರೂ ಅಂಟಿಸುವಂತಿಲ್ಲ ಅಂದಿತ್ತು. ಆದರೆ 2024ರಲ್ಲಿ ಕೇರಳ ಹೈಕೋರ್ಟ್, ತಿದ್ದುಪಡಿಯಾದ ನಿಯಮ ನೋಡಿ, ಇಷ್ಟು ಬೆಳಕು ಬಿಡುವ ಫಿಲಂಗೆ ದಂಡ ಬೇಡ ಅಂದಿದೆ.

ಬಣ್ಣವಿಲ್ಲದ ಯುವಿ ಫಿಲಂ ಹಾಕಿಸಿ, ಅದರ ಸರ್ಟಿಫಿಕೇಟ್, ಡಾಕ್ಟರ್ ಚೀಟಿ ಕಾರಲ್ಲಿಟ್ಟುಕೊಂಡರೆ ನಮ್ಮ ಕಡೆ ಒಪ್ಪುತ್ತಾರಾ? ವಕೀಲರು, ಆರ್‌ಟಿಒ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ. ಹಿಂದಿನ ಗಾಜಿನ ಡಿಫಾಗರ್ (ಗಾಜಿನ ಮೇಲಿನ ಮಂಜು ಕರಗಿಸುವ) ಗೆರೆ ಕೀಳದ ಹಾಗೆ ಹಳೇ ಫಿಲಂ ಬಿಡಿಸುವ ಅಂಗಡಿ ಹದಡಿ ರಸ್ತೆ, ವಿದ್ಯಾನಗರದ ಕಡೆ ಇದ್ದರೂ ತಿಳಿಸಿ. ಮುಂದಿನ ವಾರವೇ ಅಮ್ಮನ್ನ ಕರ್ಕೊಂಡು ಬರಬೇಕು.