ವೀಣೆ ಸ್ಯಾಂಪಲ್‌ಗೆ ಮಾಡ್ಯುಲೇಶನ್ (ನುಡಿಯುತ್ತಿರುವಾಗಲೇ ಬದಲಿಸೋದು): ಪೊಸಿಷನ್‌ಗೆ ಕೊಡೋದಾ, ಸ್ಪೀಡ್‌ಗೆ ಕೊಡೋದಾ?

ತಂತಿಮನೆ: ಅಕ್ಕನ ವೀಣೆಯಲ್ಲಿ ಒಂದೇ ಒಂದು ಮೀಟು ರೆಕಾರ್ಡ್ ಮಾಡಿದೆ, 4 ಸೆಕೆಂಡ್. ಆ ಸ್ಯಾಂಪಲ್ಲನ್ನು ಸಾಫ್ಟ್‌ವೇರ್ ಸಿಂತ್‌ಗೆ (ಕಂಪ್ಯೂಟರಿನೊಳಗಿನ ವಾದ್ಯ) ಹಾಕಿ ಪ್ಲೇ ಪೊಸಿಷನ್, ಅಂದರೆ ಸ್ಯಾಂಪಲ್‌ನ ಯಾವ ಜಾಗ ನುಡಿಯಬೇಕು ಅನ್ನೋದನ್ನು, ಕೀಬೋರ್ಡಿನ ಮಾಡ್ ವೀಲ್‌ಗೆ (ಕೈಯಲ್ಲಿ ತಿರುಗಿಸುವ ಚಕ್ರ) ಜೋಡಿಸಿದೆ. ವೀಲ್ ತಿರುಗಿಸಿದರೆ ನಾದ ನಯವಾಗಿ ಜಾರಬೇಕಿತ್ತು. ಟರ್ ಟರ್ ಅಂತ ಒಡೆದು ಕೇಳುತ್ತದೆ. ಈ ಸಿಂತ್‌ನ ಎಂಜಿನ್ನೇ ಸರಿಯಿಲ್ಲ.

ಬಫರ್64: ಎಂಜಿನ್ ಸರಿಯಾಗೇ ಇದೆ. ಮಾಡ್ ವೀಲ್ ಕಳಿಸೋದು 0ರಿಂದ 127, ಒಟ್ಟು 128 ಹಂತ. ನಿಮ್ಮ 4 ಸೆಕೆಂಡನ್ನು ಅಷ್ಟು ಭಾಗ ಮಾಡಿ ನೋಡಿ, ಹಂತಕ್ಕೆ ಸುಮಾರು 31 ಮಿಲಿಸೆಕೆಂಡ್. ಪ್ರತಿ ಸಲ ಅಲೆಯ ನಡುವಿಂದ ಇನ್ನೆಲ್ಲಿಗೋ ನೆಗೆಯುತ್ತದೆ. ಸ್ಮೂತಿಂಗ್ ಹಾಕಿ, ಹಂತಗಳ ನಡುವಿನ ನೆಗೆತ ನಯವಾಗುತ್ತದೆ. ಇಲ್ಲವೇ ವೀಲ್ ಬಿಟ್ಟು ಸಾ ಟೂತ್ ಎಲ್‌ಎಫ್‌ಒ (ಒಂದೇ ಸಮ ಏರಿ ಥಟ್ಟನೆ ಮೊದಲಿಗೆ ಮರಳುವ ನಿಧಾನ ಕಂಟ್ರೋಲ್ ಅಲೆ) ಕೊಡಿ. 0.25 ಹರ್ಟ್ಸ್ ಇಟ್ಟರೆ ಮಾಮೂಲಿ ವೇಗ. 0.125ಕ್ಕೆ ಇಳಿಸಿದರೆ ಅರ್ಧ ವೇಗ, ಶ್ರುತಿಯೂ ಒಂದು ಸ್ಥಾಯಿ ಕೆಳಗೆ.

ಗ್ರೈನ್_ಗೌಡ: "ಶ್ರುತಿಯೂ ಒಂದು ಸ್ಥಾಯಿ ಕೆಳಗೆ" ಅನ್ನೋದು ಶುದ್ಧ ತಪ್ಪು. ದಿನಾ ಪೊಸಿಷನ್ ಮಾಡ್ಯುಲೇಟ್ ಮಾಡುತ್ತೇನೆ. ಶ್ರುತಿ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಬಫರ್64: ನೀವು ಗ್ರ್ಯಾನ್ಯುಲರ್ ಮೋಡ್‌ನಲ್ಲಿದ್ದೀರಿ. ಅಲ್ಲಿ 50 ಮಿಲಿಸೆಕೆಂಡಿನ ಚೂರು ತನ್ನ ಮೂಲ ವೇಗದಲ್ಲೇ ನುಡಿಯುತ್ತದೆ. ಚೂರನ್ನು ಎಲ್ಲಿಂದ ತೆಗೆಯಬೇಕು ಅನ್ನೋದಷ್ಟೇ ಪೊಸಿಷನ್ ಕೆಲಸ. ಸಾದಾ ಪ್ಲೇಬ್ಯಾಕ್‌ನಲ್ಲಿ ಪೊಸಿಷನ್ ಎಷ್ಟು ಬೇಗ ಓಡುತ್ತದೋ ಅದೇ ಶ್ರುತಿ. ಇನ್ನು ಗಮಕ (ಸ್ವರವನ್ನು ಜಾರಿಸಿ ತೂಗಿ ನುಡಿಸೋದು) ಬೇಕಿದ್ದರೆ ಸ್ಪೀಡ್‌ಗೆ ಸೈನ್ ಎಲ್‌ಎಫ್‌ಒ ಕೊಡಿ, ಮುಗಿಯಿತು.

ವೈಣಿಕೆ: "ಗಮಕ ಬೇಕಿದ್ದರೆ ಸೈನ್ ಎಲ್‌ಎಫ್‌ಒ" ಅಂತ ಓದಿ ಸುಮ್ಮನಿರಲು ಆಗಲಿಲ್ಲ. ಹದಿನೆಂಟು ವರ್ಷದಿಂದ ವೀಣೆ ನುಡಿಸುತ್ತಿದ್ದೇನೆ. ತೋಡಿ ರಾಗದ ಗಾಂಧಾರ ಒಂದೇ ಕಡೆ ನಿಂತು ನಡುಗುವ ಸ್ವರವಲ್ಲ. ರಿಷಭದ ಹತ್ತಿರದಿಂದ ಮಧ್ಯಮದ ಕಡೆ ಹೋಗಿ ಬರುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ಬೇಗ ಬಿಡಬೇಕು ಅನ್ನೋದು ಎಡಗೈಗೆ ಗೊತ್ತು. ಒಂದೇ ಸಮ ತೂಗಿದರೆ ಅದು ಗಮಕ ಅಲ್ಲ.

ಗ್ರೈನ್_ಗೌಡ: "ಎಡಗೈಗೆ ಗೊತ್ತು" ಅಂದರೆ ಚರ್ಚೆ ಮುಗಿಯಿತೇ? ಮೌಸ್ ಹಿಡಿದವನಿಗೂ ಕಿವಿ ಇದೆ, ಅಕ್ಕಾ. ಸಂಗೀತ ಕಲಿತವರದ್ದೇ ಕೊನೆಯ ಮಾತು ಅನ್ನೋದನ್ನು ನಾನು ಒಪ್ಪಲ್ಲ.

ಬಫರ್64: ಸೈನ್ ಬೇಡವೇ? ಎನ್ವಲಪ್ (ಕಾಲಕ್ಕೆ ತಕ್ಕಂತೆ ಏರಿಳಿಯುವ ಗೆರೆ) ಬರೆಯಿರಿ. ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ 4 ಸೆಮಿಟೋನ್ (ಸ್ಥಾಯಿಯ ಹನ್ನೆರಡನೇ ಒಂದು ಪಾಲಿನ ಅಂತರ). ವೇಗ ಸುಮಾರು 1.26 ಪಟ್ಟು. ಅಷ್ಟರೊಳಗೆ ಯಾವ ವಕ್ರರೇಖೆ ಬೇಕಾದರೂ ಎಳೆಯಬಹುದು.

ವೈಣಿಕೆ: "1.26 ಪಟ್ಟು", ಅಲ್ಲೇ ಇರೋದು ತೊಂದರೆ. ಮೆಟ್ಟಿನ ಮೇಲೆ ತಂತಿ ಎಳೆದಾಗ ಏರುವುದು ತಂತಿಯ ಸ್ವರ. ವೀಣೆಯ ಹಲಸಿನ ಮರದ ಕೊಡ ಚಿಕ್ಕದಾಗುವುದಿಲ್ಲ ಅಲ್ವಾ? ನೀವು ಸ್ಯಾಂಪಲ್ಲನ್ನೇ ಬೇಗ ಓಡಿಸಿದರೆ ಕೊಡದ ದನಿಯೂ ಜೊತೆಗೆ ಏರುತ್ತದೆ. ಕಣ್ಣು ಮುಚ್ಚಿ ಕೇಳಿ, ಪ್ರತಿ ತೂಗಿಗೂ ವೀಣೆ ಸಣ್ಣದಾಗಿ ದೊಡ್ಡದಾಗುತ್ತದೆ.

ಗ್ರೈನ್_ಗೌಡ: ಇಷ್ಟು ಹೊತ್ತು ಗಾಂಧಾರ, ಈಗ ಕೊಡ! ಕೇಳಿದ್ದು ಟರ್ ಟರ್ ಬಗ್ಗೆ. ಯಾರಾದರೂ ಅದನ್ನು ಓದಿದ್ದೀರಾ?

ಬಫರ್64: ನಾನೇ ಮೊದಲು ಉತ್ತರ ಕೊಟ್ಟಿದ್ದು. ಕೊಡದ ದನಿಗೆ ಪ್ಲೇಬ್ಯಾಕ್ ಆದ ಮೇಲೆ ಅಲುಗದ ಇಕ್ಯೂ (ದನಿಯ ಬೇರೆ ಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಫಿಲ್ಟರ್) ಹಾಕಿದರೆ ಸಾಕು.

ವೈಣಿಕೆ: "ಸಾಕು" ಅನ್ನುವ ಮೊದಲು ಒಮ್ಮೆ ನಿಜವಾದ ವೀಣೆಯ ಪಕ್ಕ ಕೂತು ಕೇಳಿ. ಸ್ಯಾಂಪಲ್‌ನಲ್ಲಿ ಆಗಲೇ ಸೇರಿಹೋದ ದನಿಯನ್ನು ಇಕ್ಯೂ ಹೇಗೆ ಬೇರೆ ಮಾಡುತ್ತದೆ?

ತಂತಿಮನೆ: ಸ್ಮೂತಿಂಗ್ 60 ಮಿಲಿಸೆಕೆಂಡ್ ಇಟ್ಟೆ. ಟರ್ ಟರ್ ಹೋಯಿತು. ಆದರೂ ಅದನ್ನು ಎಂಜಿನ್ ತಾನೇ ಮಾಡಬೇಕಿತ್ತು ಅನ್ನೋದು ನನ್ನ ಮಾತು. ಭಾನುವಾರ ಅಕ್ಕ ಬರುತ್ತಾಳೆ. ತಂತಿ ಎಳೆದೇ ನುಡಿಸಿದ ಗಾಂಧಾರ ರೆಕಾರ್ಡ್ ಮಾಡುತ್ತೇನೆ.

ಬಫರ್64: ಮಾಡಿ. ಆಗ ಮಾಡ್ಯುಲೇಟ್ ಮಾಡಲು ಏನು ಉಳಿಯುತ್ತದೆ ಅಂತಲೂ ಬರೆಯಿರಿ.