18 ತುಂಬಿದ ಮೇಲೆ ಮಗಳು ಎಲ್ಲಿಗೆ ಹೋಗಬೇಕು?

ಪೆರ್ಲದ ಅಮ್ಮ:
ಮಗಳಿಗೆ 17. ಬೌದ್ಧಿಕ ಭಿನ್ನಸಾಮರ್ಥ್ಯ ಇದೆ, ಇಲ್ಲಿ ಕೇರಳದ ಕಾಸರಗೋಡಿನಲ್ಲಿ ಇಂಥ ಮಕ್ಕಳಿಗೆಂದು ಪಂಚಾಯತಿನವರು ನಡೆಸುವ ಬಡ್ಸ್ ಶಾಲೆಗೆ ಹೋಗುತ್ತಾಳೆ. ಮುಂದಿನ ವರ್ಷ ಏನು ಮಾಡುವುದು? ಇನ್ನು ಮನೆಯಲ್ಲೇ ಇರಲಿ ಅನ್ನುತ್ತಾರೆ ಅವಳಪ್ಪ. ನನಗೆ ಮನಸ್ಸಿಲ್ಲ.

ಬದಿಯಡ್ಕದ ಮಾಷ್:
ಮನೆಯಲ್ಲಿ ಕೂರಿಸಬೇಡಿ ಅಕ್ಕಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18ರವರೆಗೆ ಮಾತ್ರ, ನಿಜ. ಆದರೆ 18 ದಾಟಿದವರಿಗೆಂದೇ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಪಂಚಾಯತಿನಲ್ಲಿ ವಿಚಾರಿಸಿ. ಅಲ್ಲಿಗೆ ಬರುವ ಹಲವರಿಗೆ ಅಂಗಡಿಯಲ್ಲಿ ಚಿಲ್ಲರೆ ಕೇಳಿ ತೆಗೆದುಕೊಳ್ಳಲು ಬರುವುದಿಲ್ಲ, ಒಬ್ಬರೇ ಬಸ್ಸು ಹತ್ತಿ ಗೊತ್ತಿಲ್ಲ. ಇದನ್ನೆಲ್ಲ ಎಂಟನೇ ಕ್ಲಾಸಿನಿಂದಲೇ ಕಲಿಸಬೇಕು.

ಕುಂಬಳೆಯ ಓದುಗ:
ಮಾಷೇ, ಬಸ್ಸಿನಲ್ಲಿ ಯಾರಾದರೂ ಕೈ ಹಾಕಿದರೆ ಆ ಹುಡುಗಿ ಯಾರಿಗೆ ಹೇಳಬೇಕು? ಅಪ್ಪನ ಹೆದರಿಕೆ ಸುಮ್ನೆ ಅಲ್ಲ. ಕೆಲಸದ ಆಸೆಯನ್ನೂ ಜಾಸ್ತಿ ಹುಟ್ಟಿಸಬೇಡಿ. ಸರ್ಕಾರಿ ಕೆಲಸದಲ್ಲಿ 4% ಮೀಸಲಾತಿ ಇದೆ. ಅದರಲ್ಲಿ ಆಟಿಸಂ, ಬೌದ್ಧಿಕ ತೊಂದರೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ 1%.

ಮುಳಿಯಾರಿನ ಅಕ್ಕ:
ಸರ್ಕಾರಿ ಕೆಲಸವೇ ಆಗಬೇಕಾ? ನನ್ನ ತಮ್ಮ ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಯಾದವರ ಪಟ್ಟಿಯಲ್ಲಿದ್ದಾನೆ. ಈಗ ನೆರೆಮನೆಯವರ ಘಟಕದಲ್ಲಿ ಹಾಳೆತಟ್ಟೆ ಒರೆಸಿ ಕಟ್ಟು ಕಟ್ಟುತ್ತಾನೆ. ಸಂಬಳ ಕಡಿಮೆ, ಆದರೆ ಬೆಳಿಗ್ಗೆ ಅವನೇ ಎದ್ದು ಹೊರಡುತ್ತಾನೆ. ಮೊದಲು ಒಂದು ಕಡೆ ತರಬೇತಿಗೆ ಹಾಕಿದ್ದೆವು. ಅಲ್ಲಿ ಎಲ್ಲ ಮಲಯಾಳ. ಅವನಿಗೆ ಬರುವುದು ಮನೆಯ ತುಳು, ಶಾಲೆಯ ಕನ್ನಡ. ಹೇಳಿದ್ದು ಅರ್ಥವಾಗದೆ ನಿಂತರೆ 'ಕಲಿಯುವ ಶಕ್ತಿ ಇಲ್ಲ' ಎಂದು ಬರೆದರು. ಇವತ್ತಿಗೂ ಸಿಟ್ಟು ಬರುತ್ತದೆ.

ಬದಿಯಡ್ಕದ ಮಾಷ್:
ಓದುಗರೇ, ಹೆದರಿಕೆ ಇದೆ ಎಂದೇ ಕಲಿಸಬೇಕು. ಬೇಡ ಎಂದು ಕೂಗುವುದು, ಕಂಡಕ್ಟರನ್ನು ಕರೆಯುವುದು, ಇವನ್ನೂ ಅಭ್ಯಾಸ ಮಾಡಿಸಬಹುದು. ಮೊದಲು ಜೊತೆಗೆ ಹೋಗಿ, ಆಮೇಲೆ ಎರಡು ಸೀಟು ಹಿಂದೆ ಕೂತು. ಪೆರ್ಲದ ಅಕ್ಕಾ, ಇನ್ನೊಂದು ವಿಷಯ. 18 ಆದ ಮೇಲೆ ಕಾನೂನಿನಲ್ಲಿ ಅಪ್ಪ-ಅಮ್ಮ ತಾನಾಗಿ ಪೋಷಕರಾಗಿ ಮುಂದುವರಿಯುವುದಿಲ್ಲ. ಪೋಷಕರಾಗಬೇಕಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ಮುಳಿಯಾರಿನ ಅಕ್ಕ:
ಅರ್ಜಿಗೆ ಮೊದಲು ಅವಳನ್ನು ಕೇಳಿ. ತಮ್ಮನ ಬ್ಯಾಂಕ್ ಖಾತೆಗೆ ಅವನೇ ಸಹಿ ಹಾಕುತ್ತಾನೆ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಅಷ್ಟೆ. ಎಲ್ಲರಿಗೂ ಪೋಷಕರು ಬೇಕೆಂದಿಲ್ಲ.

ಕುಂಬಳೆಯ ಓದುಗ:
ಸಹಿಯ ಮಾತು ಒಪ್ಪುತ್ತೇನೆ. ಬಸ್ಸಿನದ್ದು ಇನ್ನೂ ಒಪ್ಪಿಲ್ಲ. ಪಂಚಾಯತಿನವರು ವಾಹನ ಕೊಡಲಿ.

ಪೆರ್ಲದ ಅಮ್ಮ:
ವಾಹನ ಕೇಳುತ್ತೇನೆ, ಬಸ್ಸೂ ಕಲಿಸುತ್ತೇನೆ. ಕನ್ನಡದಲ್ಲಿ ಹೇಳಿಕೊಡುವ ಟೀಚರ್ ಬೇಕೆಂದು ಗ್ರಾಮಸಭೆಯಲ್ಲಿ ಕೇಳಬೇಕು. ಎಣ್ಮಕಜೆ, ಬೆಳ್ಳೂರು ಕಡೆಯ ಅಪ್ಪ-ಅಮ್ಮಂದಿರು ಇದ್ದರೆ ಇಲ್ಲಿ ಬರೆಯಿರಿ. ನಾನೊಬ್ಬಳೇ ಕೇಳಿದರೆ ಆಗುವುದಿಲ್ಲ.